ಗಂಟೆಗಳು ರೋಮಿಗೆ ಹೋದ ಶುಕ್ರವಾರ

ಇಗರ್ಜಿಯ ದೊಡ್ಡ ಗೋಪುರ ಮೂರು ಗಂಟೆ ಹೊಡೆಯುವುದರೊಳಗೆ ಅದರ ಬುಡ ಮುಟ್ಟಬೇಕು. ಒಬ್ಬಳೇ ಬರಬೇಕು. ಯಾರ ತೋಳೂ ಹಿಡಿಯಬಾರದು, ಯಾರನ್ನೂ ದಾರಿ ಕೇಳಬಾರದು. ಹಾಗೆ ಬಂದು ಮುಟ್ಟಿದರೆ ಪೆಲಾಜಿ ಮೆಖೆಲೆನ್‌ನಲ್ಲಿ ತನ್ನ ಮನೆಯಲ್ಲೇ ಇರುತ್ತಾಳೆ. ಇಲ್ಲವಾದರೆ ತಂಗಿಯ ಜೊತೆ ಆಂಟ್ವೆರ್ಪ್‌ಗೆ ಹೊರಡುತ್ತಾಳೆ, ಐದನೇ ಅಂತಸ್ತಿನ ಮನೆಗೆ, ಮರುಮಾತಿಲ್ಲದೆ.

ಕರಾರಿನ ಮಾತುಗಳನ್ನು ಮೇಜು ಕುಟ್ಟಿ ಕುಟ್ಟಿ ಹೇಳಿದವನು ತಂಗಿಯ ಗಂಡ ಗುಸ್ತ್. ಆಂಟ್ವೆರ್ಪ್‌ನ ಬಂದರಿನಲ್ಲಿ ಸರಕು ಇಳಿಸುವವರ ಮೇಸ್ತ್ರಿ. ಆ ಊರಿನವರಿಗೆ ತಾವು ಆಡಿದ್ದೆಲ್ಲ ಶಿಲಾಶಾಸನ ಎಂಬ ಭಾವನೆ, ಅದಕ್ಕೇ ಸುತ್ತಲಿನವರು ಅವರನ್ನು 'ಸಿನ್ಯೋರ್' ಎನ್ನುತ್ತಾರೆ, ದೊಡ್ಡ ಧಣಿಗಳು ಎಂದು ಕುಟುಕುವ ಅರ್ಥದಲ್ಲಿ. ಹಾಗಂತ ಮೆಖೆಲೆನ್‌ನವರು ಬಚಾವಾಗಿಲ್ಲ. ಹಿಂದೆ ಯಾವ ಕಾಲದಲ್ಲೋ ಮಂಜಿನೊಳಗೆ ಗೋಪುರ ಕೆಂಪಗೆ ಹೊಳೆಯಿತಂತೆ. ಬೆಂಕಿ ಬಿತ್ತು ಎಂದು ಊರಿಗೆ ಊರೇ ನೀರಿನ ಬಕೆಟ್ಟು ಹಿಡಿದು ಮೆಟ್ಟಿಲು ಹತ್ತಿತಂತೆ. ಉಸಿರು ಕಟ್ಟಿಕೊಂಡು ಮೇಲೆ ಹೋಗಿ ನೋಡಿದರೆ ಚಂದ್ರ. ಅಂದಿನಿಂದ ಅವರ ಹೆಸರು 'ಚಂದ್ರನನ್ನು ಆರಿಸಿದವರು'. ಮೊಮ್ಮಕ್ಕಳ ಮೊಮ್ಮಕ್ಕಳಿಗೂ ಅದು ತಪ್ಪಿಲ್ಲ.

ಕರಾರಾದದ್ದು ಪೆಲಾಜಿಯ ಅಡುಗೆಮನೆಯಲ್ಲಿ, ಚಳಿಗಾಲ ಮುಗಿಯುತ್ತಿದ್ದಾಗ.

"ಹಟ ಮಾಡ್ಬೇಡ ಅಕ್ಕ," ಎಂದಳು ತಂಗಿ ಇರ್ಮಾ. "ಕೈ ನೋಡು, ಒಲೆ ಮೇಲಿಟ್ಟು ಸುಟ್ಕೊಂಡಿದ್ದೀಯ."

"ಕಣ್ಣಿದ್ದಾಗ್ಲೂ ಸುಟ್ಕೋತಿದ್ದೆ ಕಣೇ. ಆಗ ಯಾರೂ ಕರ್ಕೊಂಡು ಹೋಗೋಕೆ ಬರ್ಲಿಲ್ಲ."

"ನಮ್ಮನೇಲಿ ಲಿಫ್ಟ್ ಇದೆ," ಎಂದ ಗುಸ್ತ್. "ನಲ್ಲೀಲೇ ಬಿಸಿನೀರು ಬರತ್ತೆ. ಕಿಟಕಿ ತೆಗೆದ್ರೆ ಸಾಕು, ಇಡೀ ನದಿ ಕಾಣತ್ತೆ."

"ನಂಗೂ ಕಾಣತ್ತಾ?"

ಗುಸ್ತ್ ಕಾಫಿ ಕಲಕತೊಡಗಿದ. ಸಕ್ಕರೆ ಕರಗಿ ಎಷ್ಟೋ ಹೊತ್ತಾದ ಮೇಲೂ ಚಮಚ ಬಟ್ಟಲಿನೊಳಗೆ ತಿರುಗುತ್ತಲೇ ಇತ್ತು. ಅವನು ಕೆಟ್ಟವನಲ್ಲ. ಬಾಯಿ ಮಾತ್ರ ಕಾಲಿಗಿಂತ ಮುಂದೆ ಓಡುತ್ತಿತ್ತು.

ಪೆಲಾಜಿ ಕುರ್ಚಿ ಮಾಡುವ ಕಾರ್ಖಾನೆಯಲ್ಲಿ ಮೆರುಗು ಕೊಡುತ್ತಿದ್ದವಳು. ಹರೆಯದಲ್ಲಿ ಬಟ್ಟೆಯ ಉಂಡೆ ಹಿಡಿದು ಕೂತವಳು ಕೂದಲು ನರೆಯುವ ತನಕ ಮರವನ್ನು ತಿಕ್ಕಿದ್ದಳು. ಎರಡು ಚಳಿಗಾಲಗಳಲ್ಲಿ ಅವಳ ದೃಷ್ಟಿ ಅಂಚುಗಳಿಂದ ಒಳಕ್ಕೆ ಸುಟ್ಟ ಕಾಗದದ ಹಾಗೆ ಕಪ್ಪಾಗುತ್ತಾ ಬಂದು ಕೊನೆಗೆ ಬೆಳಕು ಕತ್ತಲೆ ಎರಡೇ ಉಳಿದವು. ಗಂಡ ಇಲ್ಲ, ಮಕ್ಕಳಿಲ್ಲ. ಇದ್ದದ್ದು ಡೈಲ್ ನದಿಯ ಆಚೆ ದಡದಲ್ಲಿ ಹುಟ್ಟಿ ಬೆಳೆದ ನೆಲಮಟ್ಟದ ಎರಡು ಕೋಣೆ, ಹಿತ್ತಿಲಿನಲ್ಲಿ ಒಂದು ಪಿಯರ್ ಮರ, ಮತ್ತೆ ಗಂಟೆಗಳು.

ಹೌದು, ಗಂಟೆಗಳು. ದೊಡ್ಡ ಗೋಪುರಕ್ಕೆ ಬಾಯಿ ಮುಚ್ಚಿ ಗೊತ್ತಿಲ್ಲ. ಗಂಟೆಗೊಮ್ಮೆ ಹೊಡೆಯುತ್ತದೆ, ಅರ್ಧ ಗಂಟೆಗೆ ಹಾಡುತ್ತದೆ, ಕಾಲು ಗಂಟೆಗೆ ಗುನುಗುತ್ತದೆ, ಅದರ ನಡುವೆ ಸುಮ್ಮನಿರಲಾರದೆ ಇನ್ನೊಂದು ತುಣುಕು ಉದುರಿಸುತ್ತದೆ. ಹೊರಗಿನಿಂದ ಬಂದವರಿಗೆ ಮೊದಲ ವಾರ ನಿದ್ದೆ ಹತ್ತುವುದಿಲ್ಲ. ಪೆಲಾಜಿ ಬಿಳಿ ಕೋಲು ಹಿಡಿದು ನಡೆಯಲು ಕಲಿತದ್ದು ಅದನ್ನು ನಂಬಿಕೊಂಡೇ. ಸದ್ದು ಎರಡು ಹುಬ್ಬುಗಳ ನಡುವೆ ಬಂದು ಕೂತರೆ ಗೋಪುರ ಮೂಗಿನ ನೇರಕ್ಕಿದೆ. ಎಡಗಿವಿಗೆ ಜಾರಿದರೆ ತಾನು ಬಲಕ್ಕೆ ಜಾರಿದ್ದೇನೆ ಎಂದು ಅರ್ಥ. ಪಕ್ಕದ ಮನೆಯ ವಿಧವೆ ಹಿಂದೆ ಹಿಂದೆ ಬರುತ್ತಿದ್ದಾಗ ಸೇತುವೆಯ ತನಕ ಹೋಗಿ ಬಂದಿದ್ದಳು. ಒಬ್ಬಳೇ ಹೋದದ್ದು ಇರಲಿಲ್ಲ, ಸೇತುವೆ ದಾಟಿದ್ದೂ ಇರಲಿಲ್ಲ.

ದಿನ ಆರಿಸಿದ್ದೂ ಅವಳೇ. ಶನಿವಾರ ಸಂತೆಯ ಗದ್ದಲ, ಭಾನುವಾರ ಜನ. ಶುಭ ಶುಕ್ರವಾರವಾದರೆ ಊರು ತಣ್ಣಗಿರುತ್ತದೆ. ಇರ್ಮಾ ಮತ್ತು ಗುಸ್ತ್ ಹೇಗೂ ಪ್ರತಿವರ್ಷ ಮೂರು ಗಂಟೆಯ ಪ್ರಾರ್ಥನೆಗೆ ದೊಡ್ಡ ಇಗರ್ಜಿಗೆ ಬರುವವರು. ಗೋಪುರದ ಬುಡದಲ್ಲಿ ಕಾಯುತ್ತೇವೆ ಎಂದರು. ಖಾಲಿ ಸೂಟ್‌ಕೇಸ್ ತರುತ್ತೇವೆ ಎಂದೂ ಗುಸ್ತ್ ಸೇರಿಸಿದ. "ಗೋಪುರ ಮೂರು ಹೊಡೆಯೋದ್ರೊಳಗೆ. ಮೂರನೇ ಪೆಟ್ಟು ಬಿತ್ತೋ, ಮುಗೀತು. ಆಡಿದ ಮಾತು ಮಾತೇ."

"ಸಿನ್ಯೋರರು ಆಡಿದ ಮೇಲೆ ಮುಗೀತಲ್ಲ," ಎಂದಿದ್ದಳು ಪೆಲಾಜಿ.

ಆ ಶುಕ್ರವಾರ ಊಟ ಮುಗಿಸಿ ಕೋಟು ತೊಟ್ಟು, ಮಂಡಿಯ ತನಕ ಗುಂಡಿ ಹಾಕಿಕೊಂಡು ಹೊರಟಳು. ಬಾಗಿಲು ಎಳೆದುಕೊಂಡಳು. ಬೀದಿಯ ತುದಿ, ಬ್ರೆಡ್ಡಿನ ಅಂಗಡಿಯ ಬಿಸಿ, ಸೈಕಲ್ ರಿಪೇರಿಯವನ ಎಣ್ಣೆ ವಾಸನೆ, ಆಮೇಲೆ ಕಾಲ ಕೆಳಗೆ ಕಲ್ಲು ಬೆನ್ನು ಉಬ್ಬಿಸಿತು. ಸೇತುವೆ. ನಡುಮಧ್ಯೆ ನಿಂತು ಗಂಟೆಗಾಗಿ ಕಾದಳು. ಬರಲಿಲ್ಲ. ಇದೀಗ ಹೊಡೆದಿರಬೇಕು, ನಡೆಯುವ ಗಡಿಬಿಡಿಯಲ್ಲಿ ಕೇಳಿಸಿಕೊಳ್ಳಲಿಲ್ಲ ಅಂದುಕೊಂಡು ಇಳಿದಳು.

ಸೇತುವೆ ಇಳಿದರೆ ನೆಟ್ಟಗೆ ಒಂದು ಅಗಲ ಬೀದಿ, ಅದರುದ್ದಕ್ಕೂ ಕಬ್ಬಿಣದ ಕಟಕಟೆ, ಅದನ್ನು ಸವರಿಕೊಂಡು ಹೋದರೆ ದೊಡ್ಡ ಚೌಕ, ಅಲ್ಲಿಂದ ಗೋಪುರ. ಇಷ್ಟೇ ಅವಳ ಲೆಕ್ಕಾಚಾರ. ನಾಲ್ಕು ಹೆಜ್ಜೆ ಹಾಕಿರಬೇಕು, ಎದುರಿನಿಂದ ಒಂದು ಗಡಸು ದನಿ ಬಂತು.

"ಅಮ್ಮಾ, ಅಲ್ಲೇ ನಿಂತ್ಕೊಳ್ಳಿ. ಮುಂದೆ ಗುಂಡಿ. ಗ್ಯಾಸ್ ಪೈಪು ಹಾಕ್ತಿದ್ದೀವಿ, ಬೀದಿ ಪೂರ್ತಿ ಅಗೆದಿದೆ. ತೋಳು ಕೊಡ್ಲಾ?"

"ತೋಳು ಕೊಟ್ರೆ ನಾನು ಆಂಟ್ವೆರ್ಪ್‌ಗೆ ಹೋಗಿ ಬಾಳ್ಬೇಕಾಗತ್ತೆ."

ದನಿ ಒಂದು ಗಳಿಗೆ ಯೋಚಿಸಿತು. "ಅಯ್ಯೋ, ಹಾಗಾದ್ರೆ ಬೇಡಪ್ಪಾ," ಎಂದಿತು ಮನಃಪೂರ್ವಕವಾಗಿ. ಮತ್ತೆ ಗುದ್ದಲಿ ನೆಲಕ್ಕೆ ಬಿತ್ತು.

ಎಡಕ್ಕೆ ತಿರುಗಿದಳು. ನದಿ ಜೊತೆಗೆ ಬಂತು. ಹಲಗೆಗಳಿಗೆ ನೀರು ಬಡಿಯುತ್ತಿತ್ತು. ಸ್ವಲ್ಪ ದೂರದಲ್ಲಿ ಮೀನಿನ ವಾಸನೆ ಮೂಗಿಗೆ ಅಡರಿತು. ಹಳೆಯ ಮೀನುಪೇಟೆ. ಇಬ್ಬರು ಹೆಂಗಸರು ನೆಲಕ್ಕೆ ನೀರು ಸುರಿದು ಪೊರಕೆ ಆಡಿಸುತ್ತಿದ್ದರು. ಇಲ್ಲಿಂದ ಬಲಕ್ಕೆ ಹೊರಳಬೇಕು, ಆದರೆ ಯಾವ ಓಣಿಯಲ್ಲಿ? ಗಂಟೆಯೊಂದು ಹೊಡೆದರೆ ಸಾಕು, ಎಲ್ಲ ಸರಿಯಾಗುತ್ತದೆ. ಪೆಲಾಜಿ ಕೋಲನ್ನು ಎದೆಗಾನಿಸಿ ಮೈಯೆಲ್ಲ ಕಿವಿಯಾಗಿ ನಿಂತಳು.

"ಒಂದು ಬಾಲ ಉಳಿದಿಲ್ಲ ನೋಡು," ಎಂದಳು ಒಬ್ಬಳು ಮೀನಿನವಳು. "ಊರಿಗೇ ಊರು ಇವತ್ತು ಮಾಂಸ ಬಿಟ್ಟು ಮೀನು ತಿಂತು. ನಾನು ಇನ್ನು ಮನೆಗೆ ಹೋಗಿ ಮಲಗಿದ್ರೆ, ಗಂಟೆಗಳು ರೋಮಿಂದ ಬರೋವರೆಗೆ ಏಳಲ್ಲ."

"ನಿನ್ ಗಂಡನೂ ಅವುಗಳ ಜೊತೆ ರೋಮಿಗೆ ಹೋಗಿದ್ರೆ ಚೆನ್ನಾಗಿತ್ತು."

"ಅವನನ್ನೂ ವಾಪಸ್ ಕರ್ಕೊಂಡು ಬಂದ್ಬಿಡ್ತಾವೆ, ಅದೇ ಭಯ."

ಪೆಲಾಜಿ ಹಣೆಗೆ ಅಂಗೈ ಬಡಿದುಕೊಂಡಳು.

ಗಂಟೆಗಳು ರೋಮಿಗೆ ಹೋಗಿದ್ದವು. ಈಸ್ಟರಿಗೆ ಮೊದಲ ಗುರುವಾರ ಅವು ಕೊನೆಯದಾಗಿ ಹೊಡೆದು, ರೆಕ್ಕೆ ಬಿಚ್ಚಿ, ಪೋಪರನ್ನು ನೋಡಲು ಹೊರಡುತ್ತವೆ ಎಂದು ಮಕ್ಕಳಿಗೆ ಹೇಳುವುದು. ಯೇಸುವಿನ ಸಾವಿನ ಶೋಕಕ್ಕೆ ಊರೆಲ್ಲ ಬಾಯಿ ಮುಚ್ಚಿ ಕೂರುತ್ತದೆ, ಗಂಟೆ ಹೊಡೆಯುವುದಿಲ್ಲ. ಅವು ಮರಳುವುದು ಈಸ್ಟರಿಗೆ, ಬರುವಾಗ ದಾರಿಯುದ್ದಕ್ಕೂ ಹಿತ್ತಿಲುಗಳಲ್ಲಿ ಬಣ್ಣದ ಮೊಟ್ಟೆ ಉದುರಿಸುತ್ತಾ. ಚಿಕ್ಕಂದಿನಲ್ಲಿ ಅವಳೂ ಇರ್ಮಾಳೂ ಪಿಯರ್ ಮರದ ಬುಡದಲ್ಲಿ ಹುಲ್ಲು ಕೆದಕಿ ಹುಡುಕಿದವರೇ. ಇದನ್ನು ತಿಳಿಯದ ಜೀವ ಈ ಊರಿನಲ್ಲಿಲ್ಲ. ನಿನ್ನೆ ರಾತ್ರಿಯಿಂದ ಹಾಸಿಗೆಯಲ್ಲಿ ಹೊರಳುತ್ತಾ ನಾಳೆಯ ದಾರಿಯನ್ನು ಎಣಿಸುತ್ತಿದ್ದವಳಿಗೆ ಗೋಪುರ ಉಸಿರೆತ್ತುತ್ತಿಲ್ಲ ಎಂಬುದೇ ಹೊಳೆದಿರಲಿಲ್ಲ. ಗಂಟೆ ನಂಬಿ ನಡೆಯುವವಳು ವರ್ಷದಲ್ಲಿ ಗಂಟೆ ಇಲ್ಲದ ದಿನವನ್ನೇ ಹುಡುಕಿ ಆರಿಸಿದ್ದಳು. ಚಂದ್ರನಿಗೆ ನೀರು ಹೊತ್ತವರ ವಂಶ ಅಲ್ಲವೇ.

ಹಿಂದಕ್ಕೆ ಹೋಗಬಹುದಿತ್ತು. ನದಿ ಇತ್ತು, ಸೇತುವೆ ಇತ್ತು, ಮನೆ ತಲುಪುತ್ತಿದ್ದಳು. ಮನೆ ತಲುಪಿದರೆ ಸಂಜೆ ಸೂಟ್‌ಕೇಸ್ ಬರುತ್ತಿತ್ತು. ಪೆಲಾಜಿ ಕೋಲನ್ನು ನೆಲಕ್ಕಿಟ್ಟು ಮುಂದಿನ ಓಣಿಗೆ ಹೊಕ್ಕಳು.

ಒಳಗೆ ಹೋದಂತೆ ಊರು ಬೇರೆಯಾಯಿತು. ಮದುವೆಮನೆಯಲ್ಲಿ ವಾದ್ಯ ನಿಂತಾಗ ಒಳಮನೆಯ ಬಳೆ ಸದ್ದು ಕೇಳುತ್ತದಲ್ಲ, ಹಾಗೆ ಗಂಟೆಗಳ ಅಡಿಯಲ್ಲಿ ಇಷ್ಟು ವರ್ಷ ಮುಚ್ಚಿಕೊಂಡಿದ್ದ ಸದ್ದುಗಳೆಲ್ಲ ಒಂದೊಂದಾಗಿ ಮೇಲಕ್ಕೆ ಬಂದವು. ಎಲ್ಲೋ ಮಾಡಿನ ಕೆಳಗೆ ಪಾರಿವಾಳ ಗಂಟಲು ಸರಿಮಾಡಿಕೊಳ್ಳುತ್ತಿತ್ತು. ಯಾರದೋ ಕಿಟಕಿಯೊಳಗೆ ತಟ್ಟೆ ಒರೆಸುತ್ತಿದ್ದರು. ಅವಳ ಕೋಲಿನ ಟಕ್ ಎಂಬ ಸದ್ದು ಎರಡೂ ಕಡೆಯ ಗೋಡೆಗೆ ತಾಗಿ ತಕ್ಷಣ ಮರಳಿ ಬರುತ್ತಿತ್ತು, ಒಮ್ಮೊಮ್ಮೆ ಮಾತ್ರ ಒಂದು ಕಡೆಯದು ಬರಲು ತಡ ಮಾಡುತ್ತಿತ್ತು. ಅಲ್ಲಿ ಕೈ ಚಾಚಿದರೆ ಕಮಾನು. ಗಾಡಿ ಹೋಗುವ ಹೆಬ್ಬಾಗಿಲು, ಒಳಗೆ ಅಂಗಳ, ಅಂಗಳದಲ್ಲಿ ಹನಿಯುವ ನೀರು. ಈ ಓಣಿಯಲ್ಲಿ ಅವಳು ಹುಡುಗಿಯಾಗಿ ಓಡಿದ್ದಳು, ಇಲ್ಲಿ ಅಂಗಳವೊಂದಿದೆ ಎಂದು ಆಗ ತಿಳಿದಿರಲಿಲ್ಲ.

ನಡೆಯುತ್ತಾ ಅಂಗೈಯನ್ನು ಗೋಡೆಗೆ ಬಿಟ್ಟಳು. ಇಟ್ಟಿಗೆ, ಇಟ್ಟಿಗೆ, ಒಂದು ಸಾಲು ಮರಳುಗಲ್ಲು, ತುಕ್ಕು ಹಿಡಿದ ಕಬ್ಬಿಣದ ಬಳೆ. ಒಂದು ಬಾಗಿಲ ಪಕ್ಕ, ಸೊಂಟದೆತ್ತರದಲ್ಲಿ, ಕಲ್ಲಿನಲ್ಲಿ ಕೊರೆದ ಒಂದು ಮುಖ ಸಿಕ್ಕಿತು. ಮೂಗು ಸವೆದು ಹೋಗಿದೆ, ಕೆನ್ನೆ ಬೆಣ್ಣೆಯಂತಿದೆ. ಪೆಲಾಜಿ ಅಲ್ಲೇ ನಿಂತುಬಿಟ್ಟಳು. ಇಂಥ ನುಣುಪನ್ನು ಉಳಿ ಕೊಡುವುದಿಲ್ಲ, ಮಳೆಯೂ ಕೊಡುವುದಿಲ್ಲ. ಇದು ಅಂಗೈ ಕೊಡುವ ಮೆರುಗು. ಹೋಗುವವರು ಬರುವವರು, ಸಾಲ ಕೇಳಲು ಬಂದವರು, ಹೆರಿಗೆಗೆ ಸೂಲಗಿತ್ತಿಯನ್ನು ಕರೆಯಲು ಓಡಿದವರು, ಕುಡಿದು ಬಾಗಿಲು ಹುಡುಕಿದವರು, ಎಲ್ಲರೂ ಇದರ ಕೆನ್ನೆ ಸವರಿ ಹೋಗಿದ್ದಾರೆ. ನೂರಾರು ವರ್ಷ. ಯಾರೂ ಕೂಲಿ ಕೇಳಿಲ್ಲ. ತಾನೂ ಎರಡು ಸಲ ಸವರಿದಳು, ಒಂದು ಸುತ್ತು ಹೆಚ್ಚಿಗೆ, ಕಾರ್ಖಾನೆಯ ಅಭ್ಯಾಸಕ್ಕೆ.

ಆಗ ದೂರದಲ್ಲಿ ಕಟಕಟ ಸದ್ದೆದ್ದಿತು. ಮರದ ಗಿರಗಟ್ಟೆ. ಗಂಟೆಗಳಿಲ್ಲದ ದಿನ ಇಗರ್ಜಿಯವರು ಅದನ್ನೇ ತಿರುಗಿಸಿ ಜನರನ್ನು ಪ್ರಾರ್ಥನೆಗೆ ಕರೆಯುವುದು. ಬದುಕಿಕೊಂಡೆ ಅಂದುಕೊಂಡಳು ಪೆಲಾಜಿ. ಸದ್ದನ್ನು ಹುಬ್ಬುಗಳ ನಡುವೆ ಕೂರಿಸಿಕೊಂಡು ಬಿರಬಿರನೆ ನಡೆದಳು. ಬಿಯರ್ ಭಟ್ಟಿಯಲ್ಲಿ ಮಾಲ್ಟ್ ಬೇಯುವ ಸಿಹಿ ವಾಸನೆ ಬಂತು. ಓಣಿ ಕಿರಿದಾಯಿತು, ಮತ್ತೂ ಕಿರಿದಾಯಿತು. ಕಾಲ ಕೆಳಗಿನ ಉರುಟು ಕಲ್ಲು ಸಣ್ಣದಾಯಿತು. ಗಾಳಿ ಪೂರ್ತಿ ನಿಂತಿತು. ದೊಡ್ಡ ಗೋಪುರದ ಸುತ್ತ ಹೀಗಿರುವುದಿಲ್ಲವಲ್ಲ ಎನ್ನುವಷ್ಟರಲ್ಲಿ ಗಿರಗಟ್ಟೆ ಬಾಗಿಲೊಂದರ ಒಳಗೆ ಹೋಗಿ ಸುಮ್ಮನಾಯಿತು.

"ಯಾರದು, ಶುಭ ಶುಕ್ರವಾರ ನನ್ ಗೋಡೆ ಸವರ್ತಿರೋದು?" ಹತ್ತಿರದಲ್ಲೇ ಮುದಿ ದನಿ. "ಸುಣ್ಣ ಹೊಡೆಸಿ ಇನ್ನೂ ವಾರ ಆಗಿಲ್ಲ."

"ತಪ್ಪಾಯ್ತು. ಕಣ್ಣು ಕಾಣಲ್ಲ."

"ಗೋಡೆಗೇನು ಕಾಣತ್ತಾ? ಬಾ ಮಗಳೇ, ಕೈ ಕೊಡು. ಪ್ರಾರ್ಥನೆಗೆ ತಾನೇ? ನಮ್ ಬೆಗೈನರ ಇಗರ್ಜೀಲಿ ಜಾಗ ಇದೆ, ಹಲ್ಲಿಲ್ಲದವರು ನಾವು ಹತ್ತು ಜನ."

ಬೆಗೈನರ ಕೇರಿ. ಮದುವೆಯೂ ಬೇಡ, ಮಠವೂ ಬೇಡ ಎಂದು ತಮ್ಮ ತಮ್ಮ ಪುಟ್ಟ ಬಾಗಿಲುಗಳ ಹಿಂದೆ ದೇವರ ಹೆಸರು ಹೇಳಿಕೊಂಡು ಬದುಕಿದ ಹೆಂಗಸರ ಓಣಿಗಳು. ಗಿರಗಟ್ಟೆ ಇವರದು, ದೊಡ್ಡ ಇಗರ್ಜಿಯದಲ್ಲ. ಅವಳು ಗೋಪುರವನ್ನು ದಾಟಿ ಆಚೆಗೆ ಬಂದಿದ್ದಳು.

"ನಾನು ದೊಡ್ಡ ಗೋಪುರಕ್ಕೆ ಹೊರಟವಳು ತಾಯಿ."

"ಗೋಪುರಾನಾ? ಅದು ಹೀಗೆ ಹೋಗಿ—"

"ಹೇಳ್ಬೇಡಿ." ಪೆಲಾಜಿ ಕೋಲನ್ನು ಕಂಕುಳಲ್ಲಿ ಸಿಕ್ಕಿಸಿ ಎರಡೂ ಕಿವಿ ಮುಚ್ಚಿಕೊಂಡಳು. "ದಾರಿ ಕೇಳಿದ್ರೆ ಸೋತೆ. ಪಂದ್ಯ ಇದೆ."

ಕೈ ತೆಗೆದಾಗ ಮುದುಕಿ ನಗುತ್ತಿದ್ದಳು. "ಕುರುಡಿಗೆ ದಾರಿ ಹೇಳದಿದ್ರೆ ನಂಗೆ ಪಾಪ, ಹೇಳಿದ್ರೆ ನಿಂಗೆ ನಷ್ಟ. ಒಳ್ಳೇ ದಿನ ನೋಡಿ ನನ್ ಬಾಗಿಲಿಗೆ ಬಂದೆ. ಹೋಗು ಹಾಗಾದ್ರೆ. ನಾನಂತೂ ಆ ಕಡೆ ಹೋಗೋದು ಬಿಟ್ಟು ಎಷ್ಟೋ ವರ್ಷ ಆಯ್ತು. ಅದೇನು ಗಾಳಿ ಮಾರಾಯ್ತಿ ಅದರ ಬುಡದಲ್ಲಿ. ನನ್ನ ಒಳ್ಳೇ ಕಪ್ಪು ಟೋಪಿ ಹಾರಿಸ್ಕೊಂಡು ಹೋಯ್ತು, ಈಗ್ಲೂ ಎಲ್ಲಿದ್ಯೋ."

ಪೆಲಾಜಿ ತಿರುಗಿದವಳು ನಿಂತಳು. ಗಾಳಿ. ಗೋಪುರದ ಬುಡಕ್ಕೆ ಬಂದಾಗ ಟೋಪಿಗೆ ಕೈ ಹೋಗದ ಮೆಖೆಲೆನ್‌ನವರು ಯಾರು? ಅವಳ ಕೈಯೂ ಹೋಗುತ್ತಿತ್ತು, ಯೋಚಿಸದೆ. ಊರೆಲ್ಲ ಎಲೆ ಅಲುಗದಿದ್ದರೂ ಅಲ್ಲಿ ಲಂಗ ಹಾರುತ್ತಿತ್ತು. ಮೇಲೆ ಬೀಸುವ ಗಾಳಿ ಅಷ್ಟೆತ್ತರದ ಕಲ್ಲಿಗೆ ಹಾಯ್ದು, ಹೋಗಲು ದಾರಿಯಿಲ್ಲದೆ ಕೆಳಗೆ ಸುರಿಯುತ್ತದೆ. ಗಂಟೆಗಳು ರೋಮಿಗೆ ಹೋಗಬಹುದು, ಗೋಪುರ ಎಲ್ಲಿಗೆ ಹೋಗುತ್ತದೆ?

ತಲೆಗೆ ಕಟ್ಟಿದ್ದ ಬಟ್ಟೆ ಬಿಚ್ಚಿ ಜೇಬಿಗೆ ಹಾಕಿದಳು. ಈಗ ಕಿವಿಯ ಕೆಲಸ ಮುಗಿದಿತ್ತು, ಕೆನ್ನೆಯ ಕೆಲಸ ಶುರುವಾಯಿತು. ಒಂದು ಮೂಲೆಯಲ್ಲಿ ನಿಂತಳು, ಏನೂ ಇಲ್ಲ. ಮುಂದಿನದರಲ್ಲಿ ಎಡಗೆನ್ನೆಗೆ ಬೆರಳು ಸವರಿದಷ್ಟು. ಅತ್ತ ಹೋದಳು. ಒಂದು ಕಡೆ ಮೋಸವಾಯಿತು, ಅದು ಬರೀ ತೆರೆದ ಅಂಗಳದ ಗಾಳಿ, ಕೋಳಿಗಳು ಕೊಕ್ಕರಿಸಿ ಓಡಿದವು. ಹಿಂದಕ್ಕೆ ಬಂದು ಇನ್ನೊಂದು ಓಣಿ ಹಿಡಿದಳು. ಹೊತ್ತು ಎಷ್ಟಾಗಿದೆಯೋ. ಹೇಳಬೇಕಾದವರೇ ಊರಲ್ಲಿಲ್ಲ. ಸೋತಿರಬಹುದು ಎಂಬ ಯೋಚನೆ ಬಂತು, ಹೋಯಿತು. ಕಾಲು ನಿಲ್ಲಲಿಲ್ಲ. ಗಾಳಿ ಈಗ ಕೂದಲನ್ನು ಹಿಡಿದು ಎಳೆಯುತ್ತಿತ್ತು.

ಕೋಲಿನ ಸದ್ದು ಇದ್ದಕ್ಕಿದ್ದಂತೆ ಮರಳಿ ಬರುವುದನ್ನು ನಿಲ್ಲಿಸಿತು. ಗೋಡೆಗಳು ಮುಗಿದಿದ್ದವು. ಬಯಲು. ಗಾಳಿ ಎದುರಿನಿಂದಲೂ ಅಲ್ಲ, ಬದಿಯಿಂದಲೂ ಅಲ್ಲ, ಮೇಲಿನಿಂದ ಬರುತ್ತಿತ್ತು. ಅಬ್ಬಿಯ ಕೆಳಗೆ ನಿಂತ ಹಾಗೆ ನೆತ್ತಿ, ಹೆಗಲು, ಬೆನ್ನಿನ ಮೇಲೆ ಸುರಿಯುತ್ತಿತ್ತು. ಪೆಲಾಜಿ ಅದರೊಳಕ್ಕೆ ನಡೆದಳು. ಕೋಟು ಕಾಲಿಗೆ ಸುತ್ತಿಕೊಂಡಿತು. ಇನ್ನೂ ನಾಲ್ಕು ಹೆಜ್ಜೆ ಹೋದದ್ದೇ ಗಾಳಿ ಬಾಗಿಲು ಹಾಕಿದಂತೆ ನಿಂತಿತು, ಆ ಜಾಗಕ್ಕೆ ಚಳಿ ಬಂತು. ನೆಲಮಾಳಿಗೆಯ ಬಾಗಿಲು ತೆರೆದಾಗ ಬರುವ ಚಳಿ, ಯಾವ ಬೇಸಿಗೆಯೂ ಮುಟ್ಟದ್ದು. ಎದುರಿಗೆ ಏನೋ ಇತ್ತು. ಕಾಣದಿದ್ದರೂ ಹಣೆಗೆ ಅದರ ಭಾರ ತಿಳಿಯುತ್ತಿತ್ತು. ಕೈ ಚಾಚಿದಳು.

ಕಲ್ಲು.

ಎರಡೂ ಅಂಗೈ ಇಟ್ಟಳು. ಬದಿಗೆ ಸರಿದಳು, ಕಲ್ಲು ಒಳಕ್ಕೆ ಹೋಯಿತು, ಅವಳೂ ಹೋದಳು. ಮೂಲೆ ತಿರುಗಿತು, ಹೊರಕ್ಕೆ ಬಂತು, ಅವಳ ಮನೆಗಿಂತ ಅಗಲದ ಒಂದು ಕಂಬವಾಯಿತು, ಮತ್ತೆ ಒಳಕ್ಕೆ ಹೋಯಿತು. ಮುಗಿಯುತ್ತಲೇ ಇರಲಿಲ್ಲ. ಹುಟ್ಟಿದಂದಿನಿಂದ ಈ ಗೋಪುರವನ್ನು ನೋಡಿದ್ದಳು, ಆದರೆ ಪೂರ್ತಿ ನೋಡಬೇಕೆಂದರೆ ಹಿಂದೆ ಹಿಂದೆ ಸರಿಯಬೇಕಿತ್ತು. ಚೌಕದ ಆಚೆ ತುದಿಗೆ, ನದಿಯ ಆಚೆ ದಡಕ್ಕೆ, ಗದ್ದೆಬಯಲಿಗೆ. ದೂರ ಹೋದಷ್ಟು ಚೆನ್ನಾಗಿ ಕಾಣುತ್ತಿತ್ತು, ಅಷ್ಟೇ ಚಿಕ್ಕದಾಗುತ್ತಿತ್ತು. ಅದರ ನಿಜವಾದ ಅಳತೆ ಅವಳಿಗೆ ಸಿಕ್ಕಿದ್ದು ಇಂದೇ, ಕೆನ್ನೆ ಕಲ್ಲಿಗೆ ಒತ್ತಿ, ಇದು ಹೀಗೇ ಮೇಲಕ್ಕೆ, ಮೇಲಕ್ಕೆ, ಗಾಳಿ ಹುಟ್ಟುವಲ್ಲಿಯ ತನಕ ಹೋಗಿದೆ ಎಂದು ಯೋಚಿಸಿದಾಗ. ಕಟ್ಟಿದವರು ಹೆಗಲ ಮೇಲೆ ಒಂದೊಂದೇ ಕಲ್ಲು ಹೊತ್ತಿದ್ದರು. ತುದಿಯ ಶಿಖರ ಕಟ್ಟಲಾಗದೆ ಬಿಟ್ಟು ಹೋದರು, ಅದು ಇವತ್ತಿಗೂ ಮೊಂಡು. ಮೊಂಡಾಗಿಯೇ ಆಕಾಶಕ್ಕೆ ತಾಗಿದೆ. ಅವಳಿಗೆ ಅಳು ಬಂತು. ದುಃಖದ್ದಲ್ಲ. ಇಷ್ಟು ದೊಡ್ಡದರ ಪಕ್ಕದಲ್ಲಿ ಇಷ್ಟು ವರ್ಷ ತರಕಾರಿ ಚೌಕಾಸಿ ಮಾಡಿಕೊಂಡು ಬದುಕಿದ್ದೆನಲ್ಲ ಎಂದು.

ಕಂಬದ ಆಚೆ ಬದಿಯಿಂದ ದನಿಗಳು ಕೇಳಿದವು.

"ನಾನು ಹುಡುಕೋಕೆ ಹೋಗ್ತೀನಿ," ಇರ್ಮಾ ಅಳುದನಿಯಲ್ಲಿ ಹೇಳುತ್ತಿದ್ದಳು. "ನದಿಗೆ ಬಿದ್ದಿದ್ರೆ?"

"ನೀನಿಲ್ಲೇ ಇರು, ನಾನು ಹೋಗ್ತೀನಿ." ಗುಸ್ತ್‌ನ ದನಿಯಲ್ಲಿ ಧಣಿತನ ಒಂದಿಷ್ಟೂ ಇರಲಿಲ್ಲ. "ಗಂಟೆಗಳು ಇಲ್ಲ ಅಂತ ನಂಗಾದ್ರೂ ಹೊಳೀಬಾರ್ದಾ? ಕುರುಡಿ ಕೈಯಿಂದ ಕೋಲು ಕಿತ್ಕೊಂಡ ಹಾಗಾಯ್ತು. ಛೆ."

"ಚಂದ್ರನಿಗೆ ಬೆಂಕಿ ಬಿದ್ದಿತ್ತು," ಎಂದಳು ಪೆಲಾಜಿ ಕಂಬ ಸುತ್ತಿ ಬರುತ್ತಾ. "ಆರಿಸಿ ಬರೋಷ್ಟರಲ್ಲಿ ತಡ ಆಯ್ತು."

ಇರ್ಮಾ ಓಡಿ ಬಂದು ತಬ್ಬಿಕೊಂಡಳು, ಕೂದಲಿನಲ್ಲಿ ಸಿಕ್ಕಿದ್ದ ಕೋಳಿಯ ಪುಕ್ಕ ತೆಗೆದಳು, ಬೈದಳು, ಮತ್ತೆ ತಬ್ಬಿಕೊಂಡಳು. ಗುಸ್ತ್ ದೂರದಲ್ಲೇ ನಿಂತಿದ್ದ. ಅವನ ಕೈಗಡಿಯಾರದ ಟಿಕ್ ಟಿಕ್ ಅವಳಿಗೆ ಕೇಳಿಸಿತು.

"ಎಷ್ಟಾಯ್ತು ಗುಸ್ತ್?"

ಒಳಗೆ ಪ್ರಾರ್ಥನೆ ಆಗಲೇ ಶುರುವಾಗಿತ್ತು, ಜನರ ಗುಣುಗುಣು ಕಲ್ಲಿನೊಳಗಿಂದ ಬರುತ್ತಿತ್ತು. ಮೂರು ದಾಟಿದೆ ಎಂದು ತಿಳಿಯಲು ಗಡಿಯಾರ ಬೇಕಿರಲಿಲ್ಲ.

"ಆಡಿದ ಮಾತು ಮಾತೇ," ಎಂದಳು ಪೆಲಾಜಿ. "ಎಲ್ಲಿ ಸೂಟ್‌ಕೇಸು?"

"ಆಡಿದ್ದು ಏನಂತ?" ಗುಸ್ತ್ ಕೆಮ್ಮಿದ. "ಇರ್ಮಾ, ನೀನೇ ಸಾಕ್ಷಿ. ಗೋಪುರ ಮೂರು ಹೊಡೆಯೋದ್ರೊಳಗೆ ಅಂದಿದ್ದು ನಾನು. ನನ್ ಕೈಗಡಿಯಾರ ಮೂರು ತೋರಿಸೋದ್ರೊಳಗೆ ಅಂದಿಲ್ಲ. ಗೋಪುರ ಹೊಡೀತಾ? ಹೊಡೀಲಿಲ್ಲ. ಈಸ್ಟರ್‌ವರೆಗೂ ಹೊಡೆಯಲ್ಲ. ಅಲ್ಲೀವರೆಗೆ ಈ ಊರಲ್ಲಿ ಮೂರು ಗಂಟೆ ಆಗೋ ಹಾಗಿಲ್ಲ." ಮತ್ತೆ ಸೇರಿಸಿದ, "ನೀನು ಬೇಗಾನೇ ಬಂದಿದ್ದೀಯ. ಎರಡು ದಿನ ಮುಂಚೆ."

ಪೆಲಾಜಿ ನಕ್ಕಳು. ಮೊದಲು ಸಣ್ಣಗೆ, ಆಮೇಲೆ ಗೋಡೆ ಹಿಡಿದುಕೊಂಡು. ಶುಭ ಶುಕ್ರವಾರ ಇಗರ್ಜಿಯ ಬಾಗಿಲಲ್ಲಿ ನಗುವುದೇ ಎಂದು ಇರ್ಮಾ ಅವಳ ತೋಳು ಚಿವುಟಿದಳು, ಚಿವುಟುತ್ತಾ ತಾನೂ ನಕ್ಕಳು.

"ಒಳಗೆ ಕೂರೋಕೆ ಜಾಗ ಇರಲ್ಲ ಈಗ," ಎಂದಳು ತಂಗಿ.

"ಸೂಟ್‌ಕೇಸ್ ಕೊಡು," ಎಂದಳು ಪೆಲಾಜಿ.

"ಯಾಕೆ? ನೀನೇ ಗೆದ್ದೆಯಲ್ಲ," ಎಂದ ಗುಸ್ತ್.

"ಕೂತ್ಕೊಳೋಕೆ. ಕಾಲು ನೋಯ್ತಿದೆ."

ಗುಸ್ತ್ ಅದನ್ನು ಗೋಪುರದ ಬುಡದಲ್ಲಿ ಅಡ್ಡ ಮಲಗಿಸಿದ. ಪೆಲಾಜಿ ಕೈಯಿಂದ ಸವರಿ ನೋಡಿ ಕೂತಳು, ಬೆನ್ನನ್ನು ಕಲ್ಲಿಗೆ ಕೊಟ್ಟಳು. ಕೋಟಿನ ಮೂಲಕ ಚಳಿ ನಿಧಾನವಾಗಿ ಒಳಗೆ ಬಂತು, ಅವಳು ಸರಿಯಲಿಲ್ಲ. ಒಳಗಿನ ಜನರ ಪ್ರಾರ್ಥನೆ ಕಲ್ಲಿನ ಮೂಲಕ ಬೆನ್ನೆಲುಬಿಗೆ ಬರುತ್ತಿತ್ತು, ಪದಗಳಿಲ್ಲದೆ, ದೊಡ್ಡ ಪ್ರಾಣಿಯ ಉಸಿರಿನ ಹಾಗೆ. ಮೇಲೆ ಖಾಲಿ ಗೂಡಿನಲ್ಲಿ ಗಾಳಿ ತಿರುಗುತ್ತಿತ್ತು.

"ಭಾನುವಾರ ಊಟಕ್ಕೆ ನೀವೇ ಬನ್ನಿ," ಎಂದಳು. "ಗಂಟೆಗಳು ಬರೋ ಹೊತ್ತಿಗೆ ನಾನು ಹಿತ್ತಲಲ್ಲಿರ್ಬೇಕು. ಪಿಯರ್ ಮರದ ಬುಡದಲ್ಲಿ ಹುಡುಕ್ಬೇಕಲ್ಲ."